ಸೀಟಿನಡಿಯ ಬೆಲ್ಟು, ಅಮ್ಮನ ಎಡಗೈ

ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕಿವಿಗೊಟ್ಟು ಕೇಳಬೇಕಾದ ಸದ್ದುಗಳು ಎರಡಿದ್ದವು. ಒಂದು ವ್ಯಾನಿನದು, ಇನ್ನೊಂದು ಅಮ್ಮನ ಎಡಗೈಯದು. ವ್ಯಾನು ಕಿರುಚಬಾರದು, ಅಮ್ಮನ ಕೈ ಗುಂಯ್‌ಗುಡುತ್ತಿರಬೇಕು. ಇವೆರಡೂ ಸರಿಯಾಗಿದ್ದರೆ ಆ ದಿನ ಸಾಗುತ್ತದೆ ಎಂದು ಲೆಕ್ಕ. ಇದನ್ನು ನಾನು ನನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದೆ, ಅಮ್ಮ ತನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದಳು.

ಅಮ್ಮನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ ಕೆಜಿಎಫ್‌ಗೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಬೇಕಾಯಿತು. ನಮ್ಮದು ಕಾಮಸಮುದ್ರದ ಕಡೆಯ ಒಂದು ಹಳ್ಳಿ. ಬಸ್ಸು ಇಲ್ಲವೆಂದಲ್ಲ. ಬಂದರೆ ಬಂತು, ಬಂದರೂ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಹೋಗುವಾಗ ಹೇಗೋ ಹೋದರೂ ಬರುವಾಗ ಅಮ್ಮನಿಗೆ ತಲೆ ಸುತ್ತುತ್ತಿತ್ತು, ಮೀನಖಂಡ ಹಿಡಿದುಕೊಂಡು ನಿಲ್ಲಲಾಗುತ್ತಿರಲಿಲ್ಲ. ಹಾಗಾಗಿ ವ್ಯಾನು ಬಂತು. ಶಾಲೆ ಮಕ್ಕಳನ್ನು ತುಂಬಿಕೊಂಡು ಓಡಿ ಓಡಿ ಸುಸ್ತಾಗಿದ್ದ ಹಳೆಯ ವ್ಯಾನು. ಅದರ ಒಳಗೋಡೆಯ ಮೇಲೆ ಯಾವುದೋ ಮಗು ಗೀಚಿದ ಸೂರ್ಯ ಇವತ್ತಿಗೂ ಇದೆ. ಬೆಳಿಗ್ಗೆ ಅದರಲ್ಲೇ ಹಾಲಿನ ಕ್ಯಾನು ಡೇರಿಗೆ, ಆಮೇಲೆ ಅದರಲ್ಲೇ ಅಮ್ಮ ಆಸ್ಪತ್ರೆಗೆ, ಉಳಿದ ದಿನ ಅದರಲ್ಲೇ ನಾನು ಬಂಗಾರಪೇಟೆಗೆ. ಅಲ್ಲಿನ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ. ವರ್ಷ ವರ್ಷವೂ ಹೊಸದಾಗಿ ಕರೆಸಿಕೊಳ್ಳಬೇಕಾದ ಅತಿಥಿ. ಮನೆಯ ಹಸುಗಳನ್ನು ನನ್ನ ಹೆಂಡತಿ ನೋಡಿಕೊಳ್ಳುತ್ತಾಳೆ, ಹೀಗಾಗಿ ನಮ್ಮ ಸಂಸಾರದಲ್ಲಿ ಖಾಯಂ ಕೆಲಸ ಇರುವುದು ಅವಳೊಬ್ಬಳಿಗೇ.

ಈ ಜಾತಿಯ ವ್ಯಾನಿನಲ್ಲಿ ಇಂಜಿನ್ನು ಮೂತಿಯಲ್ಲಿ ಇರುವುದಿಲ್ಲ, ಮುಂದಿನ ಸೀಟುಗಳ ಕೆಳಗೇ ಇರುತ್ತದೆ. ಅಮ್ಮ ಕೂರುತ್ತಿದ್ದ ಸೀಟನ್ನು ಎತ್ತಿ ಹಿಂದಕ್ಕೆ ಒರಗಿಸಿದರೆ ಇಂಜಿನ್ನು, ಅದರ ಪಕ್ಕಕ್ಕೆ ಬೆಲ್ಟು. ನಮ್ಮ ಕಡೆ ಎಲ್ಲರೂ ಅದನ್ನು ಫ್ಯಾನ್ ಬೆಲ್ಟು ಎನ್ನುತ್ತಾರೆ, ಅದು ಫ್ಯಾನು ತಿರುಗಿಸದಿದ್ದರೂ ಸರಿ. ಅದು ತಿರುಗಿಸುವುದು ಡೈನಮೋವನ್ನು, ಜೊತೆಗೆ ಇಂಜಿನ್ನಿಗೆ ನೀರು ಹರಿಸುವ ಪಂಪನ್ನು. ಡೈನಮೋ ನಿಂತರೆ ಬ್ಯಾಟರಿಗೆ ಕರೆಂಟಿಲ್ಲ. ಪಂಪು ನಿಂತರೆ ಇಂಜಿನ್ನು ಕಾದು ಕೆಂಡ. ಅಂದರೆ ನನ್ನ ಅಮ್ಮ ಕೆಜಿಎಫ್ ಸೇರುವುದು ಬಿಡುವುದು ಕಿರುಬೆರಳಿನಷ್ಟು ಅಗಲದ ರಬ್ಬರಿನ ಪಟ್ಟಿಯೊಂದರ ಮೇಲೆ ನಿಂತಿತ್ತು. ಇದು ಗೊತ್ತಿಲ್ಲದಿದ್ದಷ್ಟು ಕಾಲ ನಾನು ನೆಮ್ಮದಿಯಾಗಿ ಗಾಡಿ ಓಡಿಸಿದೆ.

ಗೊತ್ತು ಮಾಡಿಸಿದವನು ಕೆಜಿಎಫ್‌ನ ಊರಿಗಾಂ ಕಡೆಯ ಮೆಕ್ಯಾನಿಕ್ಕು. ಹಳೆಯ ಗಣಿ ಕಾರ್ಮಿಕರ ಲೈನುಮನೆಗಳು ಮುಗಿಯುವ ಕಡೆ ಅವನದೊಂದು ತಗಡಿನ ಶೆಡ್ಡು. ಮಾತು ತಮಿಳಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಂದುವರಿಸಿ, ಸಿಟ್ಟು ಬಂದರೆ ತೆಲುಗಿಗೆ ಹೋಗುವವನು. ನನ್ನ ಗಾಡಿ ನೋಡಿದಾಗಲೆಲ್ಲ ಅವನು ಬಹಳ ಬೇಗ ತೆಲುಗಿಗೆ ಹೋಗುತ್ತಿದ್ದ.

"ವಾರಕ್ಕೊಂದ್ ಸಲ ಸೀಟೆತ್ತಿ ನೋಡಿ ಸಾರ್," ಎಂದಿದ್ದ. "ಎಬ್ಬೆಟ್ಟಲ್ಲಿ ಬೆಲ್ಟ್ ನಡುವೆ ಅಮುಕಿ. ಒಂಚೂರ್ ಒಳಗ್ ಓಗ್ಬೇಕು, ಜಾಸ್ತಿ ಓಗ್ಬಾರ್ದು. ಜಾಸ್ತಿ ಓದ್ರೆ ಡೈನಮೋ ಬೋಲ್ಟ್ ಲೂಸ್ ಮಾಡಿ, ರಾಡ್ ಕೊಟ್ಟು ಎಳ್ದು, ಟೈಟ್ ಮಾಡಿ. ಒಳಗಡೆ ಬಿರುಕ್ ಬಿಟ್ಟಿದ್ರೆ ಅಷ್ಟೇ, ಬದಲಾಯಿಸ್ಬೇಕು. ಕೀಚ್ ಕೀಚ್ ಅಂತ ಕೂಗುದ್ರೆ ಸುಮ್ನೆ ಇರ್ಬೇಡಿ, ಏನೋ ಯೋಳ್ತಾ ಐತೆ ಅಂತ ತಿಳ್ಕೊಳಿ."

ಅಂದಿನಿಂದ ಭಾನುವಾರ ಬೆಳಿಗ್ಗೆ ಸೀಟೆತ್ತಿ ಬೆಲ್ಟು ಅಮುಕುವುದು ನನ್ನ ವ್ರತವಾಯಿತು. ಒಂಚೂರು ಎಂದರೆ ಎಷ್ಟು ಎಂದು ನನ್ನ ಹೆಬ್ಬೆಟ್ಟಿಗೆ ಇವತ್ತಿಗೂ ತಿಳಿದಿಲ್ಲ. ಒಮ್ಮೆ ಸಡಿಲ ಅನಿಸುತ್ತಿತ್ತು, ಅದೇ ಬೆಲ್ಟು ಮರುಗಳಿಗೆ ಬಿಗಿ ಅನಿಸುತ್ತಿತ್ತು. ಸ್ಪ್ಯಾನರು ಜಾರಿ ಗೆಣ್ಣು ಕಿತ್ತುಕೊಂಡು, ಬೆಲ್ಟನ್ನೂ ಅದನ್ನು ಮಾಡಿದವರನ್ನೂ ಬೈದುಕೊಂಡು, ಕೊನೆಗೆ ಎಷ್ಟಿತ್ತೋ ಅಷ್ಟಕ್ಕೇ ಬಿಟ್ಟು ಏಳುತ್ತಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು ನಾನು. ಅಮ್ಮ ಜಗಲಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು.

ಇನ್ನು ಅಮ್ಮನ ಎಡಗೈ. ಡಯಾಲಿಸಿಸ್ ಸೂಜಿ ಚುಚ್ಚಲು ಅನುಕೂಲವಾಗಲೆಂದು ಮಣಿಕಟ್ಟಿನ ಮೇಲೆ ಎರಡು ರಕ್ತನಾಳಗಳನ್ನು ಕೂಡಿಸಿ ಆಪರೇಷನ್ ಮಾಡಿದ್ದರು. ಫಿಸ್ಟುಲಾ ಎನ್ನುತ್ತಾರೆ. ಆ ಜಾಗದಲ್ಲಿ ರಕ್ತ ರಭಸವಾಗಿ ಹರಿದು, ಮುಟ್ಟಿದರೆ ಬೆರಳಿಗೆ ಸಣ್ಣಗೆ ಅದುರುವುದು ತಿಳಿಯುತ್ತಿತ್ತು. ಕಿವಿ ಇಟ್ಟರೆ ಗುಂಯ್ ಎಂದು ಕೇಳುತ್ತಿತ್ತು. ದಿನಾ ಬೆಳಿಗ್ಗೆ ಆ ಸದ್ದು ಕೇಳಿ ನೋಡಿಕೊಳ್ಳಬೇಕು, ನಿಂತುಹೋದರೆ ತಕ್ಷಣ ಬರಬೇಕು ಎಂದು ಅಲ್ಲಿನ ಸಿಸ್ಟರು ಅಮ್ಮನಿಗೆ ಕಲಿಸಿದ್ದರು. ಆ ಕೈಯಲ್ಲಿ ಕೊಡ ಎತ್ತುವಂತಿಲ್ಲ, ಬಳೆ ತೊಡುವಂತಿಲ್ಲ, ಅದರ ಮೇಲೆ ಮಲಗುವಂತಿಲ್ಲ. ಡಯಾಲಿಸಿಸ್‌ಗೆ ಬರುವ ದಿನ ಕೈಗೆ ಎಣ್ಣೆ ಹಚ್ಚಿಕೊಂಡು ಬರುವಂತಿಲ್ಲ, ಪ್ಲಾಸ್ಟರು ಅಂಟುವುದಿಲ್ಲ. ಕೊನೆಯದನ್ನು ಸಿಸ್ಟರು ಪದೇ ಪದೇ ಹೇಳಬೇಕಾಗುತ್ತಿತ್ತು. ನಮ್ಮಮ್ಮ ಬೇರೆಲ್ಲ ಬಿಟ್ಟಾಳು, ಎಣ್ಣೆಯ ಸಹವಾಸ ಬಿಡುವುದು ಕಷ್ಟ.

ಎಣ್ಣೆ ಎಂದರೆ ಹರಳೆಣ್ಣೆ. ಮನೆಯ ಗೋಡೆಗೂಡಿನಲ್ಲಿ ಅದರ ಬಾಟಲಿ, ಬಾಯಿಗೆ ತುರುಕಿದ ಚಿಂದಿ, ಪಕ್ಕದಲ್ಲಿ ಒಂದು ಕೋಳಿಪುಕ್ಕ. ಅಪ್ಪ ಇದ್ದ ಕಾಲದಲ್ಲಿ ನಮಗೆ ಎತ್ತಿನ ಗಾಡಿಯಿತ್ತು. ಅಪ್ಪ ಗಾಡಿ ಕಟ್ಟುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಬಿಡುವುದು ಅಮ್ಮನ ಕೆಲಸ. ಗಾಡಿ ಕಿರುಗುಟ್ಟಿಕೊಂಡು ಊರು ದಾಟಿದರೆ ಆ ಮನೆಯ ಹೆಂಗಸಿಗೆ ಮೈಗಳ್ಳತನ ಎಂದು ನಾಲ್ಕು ಜನ ಆಡಿಕೊಳ್ಳುತ್ತಿದ್ದರಂತೆ. ಗಾಡಿ ಹೋಯಿತು, ಎತ್ತು ಹೋದವು, ಅಪ್ಪನೂ ಹೋದ. ಅಮ್ಮನ ಎಣ್ಣೆ ನಿಲ್ಲಲಿಲ್ಲ. ಬಾವಿಯ ರಾಟೆ, ಬಾಗಿಲ ಕೀಲು, ಹೊಲಿಗೆ ಮಿಷನ್ನು, ಮೇವು ಕತ್ತರಿಸುವ ಯಂತ್ರ, ತೊಟ್ಟಿಲ ಕೊಂಡಿ, ನನ್ನ ಮಗಳ ತಲೆ, ನನ್ನ ಬೋಳಾಗುತ್ತಿದ್ದ ತಲೆ, ಯಾವುದನ್ನೂ ಅವಳು ಒಣಗಲು ಬಿಡುತ್ತಿರಲಿಲ್ಲ. ಆಯುಧಪೂಜೆಯ ದಿನವಂತೂ ಕೋಳಿಪುಕ್ಕ ಹಿಡಿದು ಮನೆಯಲ್ಲಿ ತಿರುಗುವುದು ಏನೇನಿದೆಯೋ ಅದಕ್ಕೆಲ್ಲ ಎಣ್ಣೆ ಮುಟ್ಟಿಸಿ ಆಮೇಲೆಯೇ ಕುಂಕುಮ ಇಡುತ್ತಿದ್ದಳು. ಏನಾದರೂ ಕಿರುಗುಟ್ಟಿದರೆ ಅವಳ ಬಾಯಿಂದ ಬರುತ್ತಿದ್ದುದು ಒಂದೇ ಮಾತು.

"ಒಣಗೈತೆ ಕಣ್ಲಾ, ಅದ್ಕೇ ಅಳ್ತಾ ಐತೆ."

ತನ್ನ ಕೈ ಬಗ್ಗೆಯೂ ಅವಳದ್ದು ಇದೇ ತಿಳುವಳಿಕೆ. ಕಿಡ್ನಿ ಕೆಟ್ಟವರಿಗೆ ಮೈಯೆಲ್ಲ ಒಣಗಿ ತುರಿಸುತ್ತದೆ. ಡಯಾಲಿಸಿಸ್ ಇಲ್ಲದ ದಿನ ಮಧ್ಯಾಹ್ನ ಅಮ್ಮ ಜಗಲಿಯಲ್ಲಿ ಕೂತು ಎಡಗೈಗೆ ಮೆಲ್ಲಗೆ ಹರಳೆಣ್ಣೆ ಸವರಿಕೊಳ್ಳುತ್ತಿದ್ದಳು. ಸವರಿ, ಕಿವಿಗೆ ಹಿಡಿದು, "ನೋಡು, ಎಂಗೆ ನುಣ್ಣಗೆ ತಿರುಗ್ತಾ ಐತೆ ಒಳಗೆ" ಎಂದು ನನಗೂ ಕೇಳಿಸುತ್ತಿದ್ದಳು. ನಾನು ಕಿವಿ ಇಡುತ್ತಿದ್ದೆ. ನಿಜಕ್ಕೂ ನುಣ್ಣಗೇ ಇತ್ತು.

ಆ ಚಳಿಗಾಲದಲ್ಲಿ ವ್ಯಾನು ಕಿರುಚಲು ಶುರು ಮಾಡಿತು. ಬೆಳಿಗ್ಗೆ ಕೀ ತಿರುಗಿಸಿದರೆ ಸಾಕು, ಕುತ್ತಿಗೆ ಹಿಡಿದ ಕೋಳಿಯ ಹಾಗೆ ಕೀರ್ ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಬಿಸಿಯಾದ ಮೇಲೆ ನಿಲ್ಲುತ್ತಿತ್ತು, ಮಾರನೆಯ ಬೆಳಿಗ್ಗೆ ಮತ್ತೆ ಅದೇ ರಾಗ. ನಾನು ಬೋಲ್ಟು ಬಿಚ್ಚಿ ಎಳೆದು ಬಿಗಿ ಮಾಡಿದೆ. ಕಡಿಮೆಯಾಗಲಿಲ್ಲ. ಬಂಗಾರಪೇಟೆಯಲ್ಲಿ ಹೊಸ ಬೆಲ್ಟು ಕೊಂಡು ಊರಿಗಾಂಗೆ ಹೋಗಿ ಹಾಕಿಸಿದೆ. ಹೊಸ ಬೆಲ್ಟು ಹೊಂದಿಕೊಳ್ಳುವವರೆಗೆ ಸ್ವಲ್ಪ ಕೂಗುತ್ತದೆ, ಕೆಲವು ದಿನ ಓಡಿಸಿ ಬನ್ನಿ, ಮತ್ತೆ ಬಿಗಿ ಮಾಡಿ ಕೊಡುತ್ತೇನೆ ಎಂದ ಮೆಕ್ಯಾನಿಕ್ಕು. ಆ ಕೆಲವು ದಿನ ಬೆಳಿಗ್ಗೆ ನಾನು ಕೀ ತಿರುಗಿಸುವ ಮುಂಚೆಯೇ ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಅಮ್ಮ ತನ್ನ ಸೀಟಿನಲ್ಲಿ ಕೂತು, ಕೆಳಗಿನಿಂದ ಬರುವ ಕೂಗಿಗೆ ಮುಖ ಕಿವುಚಿ, ಸೀಟಿನ ಅಂಚನ್ನು ಬಲಗೈಯಲ್ಲಿ ಸವರುತ್ತಿದ್ದಳು.

"ನನ್ ಭಾರಕ್ಕೇನೋ ಪಾಪ," ಎಂದಳು ಒಂದು ದಿನ. ಅವಳು ಆಗ ಒಣಗಿದ ಕಡ್ಡಿಯಂತಿದ್ದಳು. ಹಾಲಿನ ಕ್ಯಾನಿಗಿಂತ ಭಾರವಿರಲಿಲ್ಲ.

ತಡೆಯಲಾರದೆ ಒಂದು ಸಂಜೆ ನಾನೇ ಬೆಲ್ಟನ್ನು ಇನ್ನಷ್ಟು ಎಳೆದು ಬಿಗಿ ಮಾಡಿದೆ. ಮಾರನೆಯ ಬೆಳಿಗ್ಗೆ ವ್ಯಾನು ಸದ್ದೇ ಮಾಡಲಿಲ್ಲ. ಕೀ ತಿರುಗಿಸಿದೆ, ಇಂಜಿನ್ನು ಹತ್ತಿಕೊಂಡಿತು, ಅಷ್ಟೇ. ನಾನು ಹೆಂಡತಿಯನ್ನು ಕೊಟ್ಟಿಗೆಯಿಂದ ಕರೆದು ಕೇಳಿಸಿದೆ. ಎಷ್ಟು ಬಿಗಿ ಇರಬೇಕು ಎನ್ನುವುದು ನನಗೆ ಈಗ ಕೈಹತ್ತಿದೆ, ಇನ್ನು ಸಣ್ಣಪುಟ್ಟದ್ದಕ್ಕೆಲ್ಲ ಶೆಡ್ಡಿಗೆ ಹೋಗುವ ಅಗತ್ಯವಿಲ್ಲ ಎಂದು ಕೊಚ್ಚಿಕೊಂಡೆ. ಅವಳು ಸಗಣಿ ಕೈಯಲ್ಲೇ ನಿಂತು ಕೇಳಿ, "ಆಯ್ತು, ಅಂಗಾದ್ರೆ ಕಾಲೇಜ್ ಬಿಟ್ಟು ಗ್ಯಾರೇಜ್ ಇಡ್ರಿ" ಎಂದು ಹೋದಳು. ಅಮ್ಮ ಜಗಲಿಯಲ್ಲಿ ಕೂತು ನಗುತ್ತಿದ್ದಳು. ಸೊಸೆಯ ಮಾತಿಗೆ ನಗುತ್ತಿದ್ದಾಳೆ ಅಂದುಕೊಂಡೆ.

ನನ್ನ ಗ್ಯಾರೇಜಿನ ವೈಭವ ಬಹಳ ದಿನ ಬಾಳಲಿಲ್ಲ. ಹಾರ್ನು ಗಂಟಲು ಕಟ್ಟಿದವನ ದನಿಯಾಯಿತು. ಬೆಳಗ್ಗೆ ಸೆಲ್ಫು ಹೊಡೆದರೆ ಇಂಜಿನ್ನು ನರಳಿ ನರಳಿ ಹತ್ತುತ್ತಿತ್ತು. ಬ್ಯಾಟರಿ ಹೋಯಿತು ಅಂದುಕೊಂಡು ಅದಕ್ಕೆ ನೀರು ಹಾಕಿದೆ, ತಂತಿ ಉಜ್ಜಿದೆ. ಬೆಲ್ಟಿನ ಕಡೆ ಅನುಮಾನ ಬರಲಿಲ್ಲ, ಅದು ಸದ್ದು ಮಾಡುತ್ತಿರಲಿಲ್ಲವಲ್ಲ, ಭಾನುವಾರ ಸೀಟೆತ್ತುವುದನ್ನೂ ಬಿಟ್ಟಿದ್ದೆ. ಮಧ್ಯೆ ಒಮ್ಮೊಮ್ಮೆ ಕೂಗಿದರೂ ಮಾರನೆಯ ದಿನಕ್ಕೆ ಸುಮ್ಮನಾಗಿರುತ್ತಿತ್ತು. ತಾನೇ ಸರಿಹೋಗುತ್ತಿದೆ ಎಂದು ನಾನು ಖುಷಿಪಟ್ಟೆ.

ಬೆಲ್ಟು ಕಡಿದದ್ದು ಡಯಾಲಿಸಿಸ್‌ಗೆ ಹೋಗುವ ದಿನವೇ. ಕಾಮಸಮುದ್ರ ದಾಟಿ, ಬಂಡೆಗಳ ನಡುವೆ ಏರು ಹತ್ತುವ ಜಾಗ. ಸೀಟಿನ ಕೆಳಗೆ ಪಟಾರ್ ಎಂದಿತು. ಎದುರಿಗೆ ಬ್ಯಾಟರಿಯ ಕೆಂಪು ದೀಪ ಹತ್ತಿತು. ಏರು ದಾಟಿದರೆ ಸಾಕು ಎಂದು ಇನ್ನೊಂದಿಷ್ಟು ಓಡಿಸಿದೆ. ಅಷ್ಟರಲ್ಲಿ ಇಂಜಿನ್ನಿನ ಕಾವು ತೋರಿಸುವ ಮುಳ್ಳು ಮೇಲೇರಿ, ಅಮ್ಮ "ಕೆಳಗೆ ಸುಡ್ತದಲ್ಲಾ" ಎಂದು ಎದ್ದು ಅರೆ ನಿಂತಳು. ಬದಿಗೆ ನಿಲ್ಲಿಸಿದೆ. ಅವಳನ್ನು ಇಳಿಸಿ ಸೀಟೆತ್ತಿದರೆ ಮುಖಕ್ಕೆ ಹಬೆ ಹೊಡೆಯಿತು. ಹೊಸ ಬೆಲ್ಟು ಹಾವಿನ ಪೊರೆಯ ಹಾಗೆ ಕೆಳಗೆ ಜೋತುಬಿದ್ದಿತ್ತು.

ಆ ರಸ್ತೆಯ ಬದಿಯಲ್ಲಿ ನಿಂತಷ್ಟು ಹೊತ್ತು ನನಗೆ ಅನಿಸಿದ್ದನ್ನು ಇವತ್ತಿಗೂ ಸರಿಯಾಗಿ ಹೇಳಲಾರೆ. ಕೈಕಾಲು ಎರಡೂ ಇದ್ದವು, ಫೋನಿತ್ತು, ಓದಿದ ವಿದ್ಯೆಯಿತ್ತು, ಯಾವುದೂ ಕೆಲಸಕ್ಕೆ ಬರಲಿಲ್ಲ. ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ಗಾಡಿ ಅಲ್ಲೇ ಇರಲಿ ಸಾರ್, ಕಟ್ಟಿಕೊಂಡು ಬರುತ್ತೇನೆ, ನೀವು ಅಮ್ಮನನ್ನು ಕರೆದುಕೊಂಡು ಹೋಗಿ ಎಂದ. ಹೇಗೆ ಕರೆದುಕೊಂಡು ಹೋಗುವುದು ಎಂದು ಅವನು ಹೇಳಲಿಲ್ಲ. ಒಂದು ಬಸ್ಸು ಬಂತು, ಬಾಗಿಲಿಗೆ ಜೋತುಬಿದ್ದವರನ್ನು ಹೊತ್ತುಕೊಂಡು ನಿಲ್ಲದೆ ಹೋಯಿತು. ಅಮ್ಮ ಒಂದು ಬಂಡೆಯ ನೆರಳಿನಲ್ಲಿ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಿಂದಿನ ದಿನದಿಂದ ಮುಖ ಊದಿತ್ತು, ಉಸಿರು ಮೇಲುಮೇಲೆ ಬರುತ್ತಿತ್ತು. ಎರಡು ಡಯಾಲಿಸಿಸ್ ನಡುವೆ ಕೊನೆಯ ದಿನ ಅವಳಿಗೆ ಯಾವಾಗಲೂ ಹಾಗೆ. ನಾನು ವ್ಯಾನಿನ ಚಕ್ರಕ್ಕೆ ಒದ್ದೆ.

"ಅದುನ್ ಯಾಕ್ ಒದೀತೀಯ," ಎಂದಳು. "ಬಾಯಿಲ್ಲದ್ದು. ಬಾ, ಕುಂತ್ಕ. ಬತ್ತದೆ ಏನಾದ್ರೂ."

ಬಂದದ್ದು ಕೆಜಿಎಫ್ ಕಡೆಗೆ ಹೊರಟಿದ್ದ ಟೊಮೆಟೊ ಗಾಡಿ. ಡ್ರೈವರು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡ, ನಾನು ಹಿಂದೆ ಕ್ರೇಟುಗಳ ನಡುವೆ ತೂರಿಕೊಂಡೆ. ಆಸ್ಪತ್ರೆ ಸೇರುವ ಹೊತ್ತಿಗೆ ಅಮ್ಮನ ಸರದಿ ಹೋಗಿ ಆ ಯಂತ್ರದಲ್ಲಿ ಬೇರೆಯವರು ಮಲಗಿದ್ದರು. ಸಿಸ್ಟರು ಅಮ್ಮನ ಮುಖ ನೋಡಿ, ಏನೂ ಕೇಳದೆ, ಸಂಜೆಯ ಪಾಳಿಗೆ ಮುಂಚೆ ಅರ್ಧಂಬರ್ಧವಾದರೂ ಆಗಲಿ ಎಂದು ಜಾಗ ಮಾಡಿಕೊಟ್ಟರು. ಆ ಉಪಕಾರವನ್ನು ನಾನು ಮರೆತಿಲ್ಲ.

ಮುಗಿದ ಮೇಲೆ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಊರಿಗಾಂ ಶೆಡ್ಡಿಗೆ ಹೋದೆ. ಮನೆಗೆ ಹೋಗಲು ಬೇರೆ ದಾರಿಯಿರಲಿಲ್ಲ. ಮೆಕ್ಯಾನಿಕ್ಕು ಅಷ್ಟರಲ್ಲಿ ವ್ಯಾನನ್ನು ಎಳೆದು ತಂದಿದ್ದ. ಅಮ್ಮನಿಗೆ ಒಂದು ಸ್ಟೂಲು ಹಾಕಿ ಕೂರಿಸಿ, ಟೀ ತರಿಸಲಾ ಎಂದು ಕೇಳಿದ. ನೀರಿನ ಲೆಕ್ಕ ಇಟ್ಟು ಕುಡಿಯಬೇಕಾದವಳು, ಬೇಡ ಎಂದು ತಲೆಯಾಡಿಸಿದಳು. ಅವನು ಸೀಟೆತ್ತಿ ಕಡಿದ ಬೆಲ್ಟನ್ನು ಎಳೆದು ತೆಗೆದು ಬೆಳಕಿಗೆ ಹಿಡಿದ. ಎರಡು ಬೆರಳ ನಡುವೆ ತಿಕ್ಕಿದ. ರಬ್ಬರು ನೀರಿನಲ್ಲಿ ನೆನೆದ ಕಡಲೆಯ ಹಾಗೆ ಊದಿಕೊಂಡಿತ್ತು.

"ಎನ್ನ ಸಾರ್ ಇದು," ಎಂದ. ಆಮೇಲೆ ಕನ್ನಡಕ್ಕೆ ಬಂದ. "ಯಾರ್ ಸಾರ್ ಬೆಲ್ಟ್‌ಗೆ ಎಣ್ಣೆ ಆಕಿದ್ದು?"

ಬೆಲ್ಟನ್ನು ನನ್ನ ಮೂಗಿನ ಹತ್ತಿರ ಹಿಡಿದ. ಆ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತು. ನಾನು ಮಲಗಿದ ತೊಟ್ಟಿಲಿನ ವಾಸನೆ, ಅಪ್ಪನ ಗಾಡಿಯ ವಾಸನೆ, ಭಾನುವಾರದ ತಲೆಸ್ನಾನದ ವಾಸನೆ. ನಾನು ಕೊಚ್ಚಿಕೊಂಡ ಬೆಳಿಗ್ಗೆ ಅಮ್ಮ ನಕ್ಕಿದ್ದು ಯಾಕೆ ಎಂದು ಆಗ ತಿಳಿಯಿತು. ಅಮ್ಮನ ಕಡೆ ತಿರುಗಬಾರದು ಎಂದುಕೊಂಡರೂ ತಿರುಗಿದೆ. ಅವಳು ಮೆಕ್ಯಾನಿಕ್ಕಿನ ಕೈಯಲ್ಲಿದ್ದ ಬೆಲ್ಟನ್ನೇ ನೋಡುತ್ತಿದ್ದಳು.

"ನಾನೇ ಆಕಿದ್ದು," ಎಂದೆ.

"ನೀವಾ?"

"ಕೂಗ್ತಿತ್ತಲ್ಲಪ್ಪಾ. ಎಣ್ಣೆ ಬಿಟ್ರೆ ನಿಲ್ತದೆ ಅಂತ."

ಅವನು ತೆಲುಗಿಗೆ ಹೋಗಿ ಬಂದ. ಬಂದು, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ. "ಸಾರ್, ಎಲ್ಲಾದಕ್ಕೂ ಎಣ್ಣೆ ಬೇಕು, ಇದೊಂದಕ್ಕೆ ಬೇಡ. ಬೆಲ್ಟು ಗಟ್ಟಿಯಾಗ್ ಇಡ್ಕೊಂಡ್ರೇನೇ ಡೈನಮೋ ತಿರ್ಗೋದು. ಎಣ್ಣೆ ಬಿದ್ರೆ ಜಾರ್ತದೆ, ಸದ್ದಿಲ್ದೆ ಜಾರ್ತದೆ. ಆಮೇಲ್ ಒರೆಸಿದ್ರೂ ಓಗಲ್ಲ. ರಬ್ಬರ್ ಈರ್ಕೊಂಡ್ಬಿಡ್ತದೆ. ಒಳಗೊಳಗೇ ಊದ್ಕೊಂಡು, ಒಂದಿನ ಪೋಚ್ಚು." ಕೈಯನ್ನು ಗಾಳಿಯಲ್ಲಿ ಹಾರಿಸಿ ಹೋಯಿತು ಎಂದು ತೋರಿಸಿದ. "ಅಮ್ಮನ್ ಕೂರಿಸ್ಕೊಂಡ್ ಓಗೋ ಗಾಡಿ ಸಾರ್. ಇಂಗಾ ಮಾಡೋದು?"

ನಾನು ತಲೆ ತಗ್ಗಿಸಿ ಬೈಸಿಕೊಂಡೆ. ಸಾಮಾನ್ಯವಾಗಿ ಅಷ್ಟು ಮಾತು ಕೇಳಿಸಿಕೊಂಡು ಸುಮ್ಮನಿರುವವನಲ್ಲ ನಾನು. ಅವನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಬೆಲ್ಟು ಕೂರುವ ಚಕ್ರಗಳ ತೋಡನ್ನೆಲ್ಲ ಒರೆಸಿ, ಹೊಸ ಬೆಲ್ಟು ಏರಿಸಿ, ರಾಡು ಕೊಟ್ಟು ಎಳೆದು ಬಿಗಿ ಮಾಡಿ, ಹೆಬ್ಬೆಟ್ಟಿನಲ್ಲಿ ಅಮುಕಿ ನೋಡಿ, ನನ್ನ ಹೆಬ್ಬೆಟ್ಟನ್ನೂ ಹಿಡಿದು ಅಮುಕಿಸಿದ. ಅಮ್ಮ ಅದಷ್ಟನ್ನೂ ಕಣ್ಣು ಮಿಟುಕಿಸದೆ ನೋಡಿದಳು.

ದಾರಿಯಲ್ಲಿ ಅವಳು ಎಣ್ಣೆಯ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಊರು ಹತ್ತಿರ ಬಂದಾಗ ಒಂದೇ ಒಂದು ಕೇಳಿದಳು.

"ಅಂಗಾದ್ರೆ ಅದು ಕೂಗ್ತಿದ್ದಿದ್ದೇ ಒಳ್ಳೇದೇನ್ಲಾ?"

"ಕೂಗಿದ್ರೆ ಬಿಗಿ ಮಾಡ್ಬೋದಮ್ಮಾ. ಬಿಡು ಈಗ, ಹೊಸದಾಯ್ತಲ್ಲ."

ಅವಳು ಬಿಡಲಿಲ್ಲ. ಮಾತಿನಲ್ಲಿ ಬಿಟ್ಟಳು, ಅಷ್ಟೇ. ಮಾರನೆಯ ದಿನದಿಂದ ಗೋಡೆಗೂಡಿನ ಬಾಟಲಿಯನ್ನು ಅಮ್ಮ ಮುಟ್ಟಲಿಲ್ಲ. ಮೊದಮೊದಲು ನಮಗೆ ಗೊತ್ತಾಗಲಿಲ್ಲ. ನಡುಮನೆಯ ಬಾಗಿಲು ಕಿರುಗುಟ್ಟಲು ಶುರುವಾದಾಗ ಹೆಂಡತಿ ಗಮನಿಸಿದಳು. ಮೇವಿನ ಯಂತ್ರ ಕಿರುಗುಟ್ಟಿತು. ಮಗಳು ಭಾನುವಾರ ತಲೆ ಬಿಚ್ಚಿಕೊಂಡು ಅಜ್ಜಿಯ ಮುಂದೆ ಕೂತರೆ, "ನಿಮ್ಮಮ್ಮನ್ ಕೈಲಿ ಅಚ್ಚುಸ್ಕ" ಎಂದು ಕಳಿಸಿಬಿಟ್ಟಳಂತೆ. ತನ್ನ ಕೈಗೂ ಹಚ್ಚಿಕೊಳ್ಳಲಿಲ್ಲ. ಚರ್ಮ ಬೂದಿ ಬಳಿದಂತಾಯಿತು, ತುರಿಸಿ ತುರಿಸಿ ಬಲಗೈಯಲ್ಲಿ ಗೀರು ಬಿದ್ದವು. ಹೆಂಡತಿಗೆ ನಾನು ಶೆಡ್ಡಿನ ಕಥೆ ಹೇಳಿದ್ದೆ. "ನೀವ್ ಯಾಕ್ ನಾನೇ ಅಂದ್ರಿ," ಎಂದಳು ಅವಳು. "ಅತ್ತೆ ಆಕಿದ್ದು, ಏನಾಯ್ತೀಗ, ಅಂತ ನಕ್ಕಿದ್ರೆ ಅಲ್ಲೇ ಮುಗೀತಿತ್ತು." ಇರಬಹುದು. ಆ ಹೊತ್ತಿನಲ್ಲಿ, ಅರ್ಧ ಡಯಾಲಿಸಿಸ್ ಮಾಡಿಸಿಕೊಂಡು ಸ್ಟೂಲಿನ ಮೇಲೆ ಕೂತ ಅಮ್ಮನನ್ನು ನೋಡಿದ್ದರೆ ಹೆಂಡತಿಯೂ ನಾನೇ ಹಾಕಿದ್ದು ಎನ್ನುತ್ತಿದ್ದಳು.

ನಾನು ಒಂದು ದಿನ ಕೋಳಿಪುಕ್ಕ ಹಿಡಿದು ಬಾಗಿಲ ಕೀಲಿಗೆ ನಾನೇ ಎಣ್ಣೆ ಬಿಟ್ಟೆ. ಅಮ್ಮ ನೋಡಲೆಂದೇ ಅವಳ ಎದುರಿಗೆ ಬಿಟ್ಟೆ. "ಇದಕ್ ಆಕ್ಬೋದಮ್ಮಾ, ಇದು ಕಬ್ಬಿಣ," ಎಂದೆ. "ನೋಡ್ಕೊಂಡ್ ಆಕು," ಎಂದಳು. ನಾನು ಪುಕ್ಕವನ್ನು ಗೋಡೆಗೂಡಿಗೆ ವಾಪಸು ಇಟ್ಟೆ. ಆಯುಧಪೂಜೆ ಬಂತು. ವ್ಯಾನು ತೊಳೆದು, ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದೆವು. ಪ್ರತಿವರ್ಷ ಸೀಟಿನ ಕೆಳಗೂ ಕುಂಕುಮ ಇಡುತ್ತಿದ್ದ ಅಮ್ಮ ಆ ಸಲ ಗಾಡಿಯ ಮೂತಿಗೆ ಒಂದು ಬೊಟ್ಟಿಟ್ಟು ದೂರ ಹೋಗಿ ಕೂತಳು. ಅವಳಿಗೆ ನಮ್ಮನೆಯಲ್ಲಿ ಉಳಿದಿದ್ದ ಕೆಲಸ ಎಣ್ಣೆಯದೊಂದೇ ಆಗಿತ್ತು. ಕೊಡ ಎತ್ತುವಂತಿಲ್ಲ, ಹಾಲು ಕರೆಯುವಂತಿಲ್ಲ, ಅಡುಗೆಗೆ ನಿಲ್ಲುವಂತಿಲ್ಲ. ಎಣ್ಣೆ ಹಚ್ಚುವುದೊಂದನ್ನು ಯಾರೂ ಅವಳಿಂದ ಕಿತ್ತುಕೊಂಡಿರಲಿಲ್ಲ, ಈಗ ಅದೂ ಹೋಗಿತ್ತು. ನಾನು ಕಿತ್ತುಕೊಂಡೆ ಎನ್ನಲಾರೆ, ಮೆಕ್ಯಾನಿಕ್ಕು ಕಿತ್ತುಕೊಂಡ ಎನ್ನಲೂ ಆರೆ. ವಾಪಸು ಕೊಡುವುದು ಹೇಗೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಬೆಲ್ಟು ಚೆನ್ನಾಗಿತ್ತು. ಅದನ್ನು ಹೇಳಬೇಕು. ಮೆಕ್ಯಾನಿಕ್ಕು ಹಿಡಿದು ಅಮುಕಿಸಿದ ಮೇಲೆ ನನ್ನ ಹೆಬ್ಬೆಟ್ಟಿಗೂ ಸ್ವಲ್ಪ ಬುದ್ಧಿ ಬಂದಿತ್ತೋ ಏನೋ. ವಾರವಾರ ಸೀಟೆತ್ತಿ ನೋಡುತ್ತಿದ್ದೆ, ಬಿರುಕಿಲ್ಲ, ಸಡಿಲವಿಲ್ಲ, ಕೂಗಿಲ್ಲ.

ಆ ಭಾನುವಾರವೂ ಸೀಟೆತ್ತಿಕೊಂಡು ಬಗ್ಗಿದ್ದೆ. ಹಿಂದೆ ಅಮ್ಮ ಬಂದು ನಿಂತದ್ದು ತಿಳಿಯಿತು. ತಿರುಗಿದರೆ ಎಡಗೈಯನ್ನು ಬಲಗೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ್ದಳು.

"ಒಂದ್ಸಲ ಕೇಳ್ಲಾ. ನಂಗ್ ಕೇಳುಸ್ತಾ ಇಲ್ಲ. ಕಿವಿ ಮಂದ ಆಗೈತೇನೋ."

ಕೈ ಒರೆಸಿಕೊಂಡು ಮುಟ್ಟಿದೆ. ಅದುರಲಿಲ್ಲ. ಕಿವಿ ಇಟ್ಟೆ. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವುದು ಕೇಳಿತು, ನನ್ನ ಉಸಿರು ಕೇಳಿತು, ಕೈಯೊಳಗೆ ಏನೂ ಕೇಳಲಿಲ್ಲ. ಜಾಗ ಬದಲಿಸಿ ಬದಲಿಸಿ ಇಟ್ಟೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಕಿವಿ ತೆಗೆಯಲು ಹೆದರಿ ಹಾಗೇ ಬಗ್ಗಿ ನಿಂತಿದ್ದೆ.

ಸೀಟು ಮಡಿಸಿ ಅವಳನ್ನು ಕೂರಿಸಿಕೊಂಡು ಹೊರಟೆ. ವ್ಯಾನು ಎಂದೂ ಓಡದ ಹಾಗೆ ಓಡಿತು. ಆ ಏರನ್ನೂ ಸಲೀಸಾಗಿ ಹತ್ತಿತು. ಆಸ್ಪತ್ರೆಯಲ್ಲಿ ಡಾಕ್ಟರು ಯಂತ್ರ ಇಟ್ಟು ನೋಡಿ, ಒಳಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗಿದೆ ಎಂದರು. ಸದ್ಯಕ್ಕೆ ಕುತ್ತಿಗೆಗೆ ಪೈಪು ಹಾಕಿ ಡಯಾಲಿಸಿಸ್ ಮಾಡುತ್ತೇವೆ, ಆಮೇಲೆ ಬಲಗೈಯಲ್ಲಿ ಹೊಸದು ಮಾಡಲು ಆಗುತ್ತದಾ ನೋಡೋಣ, ನರ ಸಣ್ಣಗಿದೆ, ಖಚಿತವಾಗಿ ಹೇಳಲಾಗುವುದಿಲ್ಲ ಎಂದರು. ಯಾಕೆ ಹೀಗಾಯಿತು ಎಂದು ನಾನು ಕೇಳಿದೆ. ಒಮ್ಮೊಮ್ಮೆ ಹೀಗೇ ಆಗುತ್ತದೆ, ಬಿಪಿ ಇಳಿದಿರಬಹುದು, ರಕ್ತ ಗಟ್ಟಿಯಾಗಿರಬಹುದು, ನೀವು ಮಾಡಿದ್ದು ಬಿಟ್ಟಿದ್ದು ಏನೂ ಇಲ್ಲ ಎಂದರು. ಅಮ್ಮನಿಗೆ ಕೇಳಲೆಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿಸಿದೆ. "ಯಾರ ತಪ್ಪೂ ಅಲ್ಲಮ್ಮಾ," ಎಂದು ಡಾಕ್ಟರು ಅವಳ ಕಡೆ ಬಗ್ಗಿ ಹೇಳಿದರು. ಅವಳು ತಲೆಯಾಡಿಸಿದಳು.

ಪೈಪು ಹಾಕಿ, ಡಯಾಲಿಸಿಸ್ ಮುಗಿಸಿ, ಎರಡು ದಿನದ ಮೇಲೆ ಮನೆಗೆ ಕಳಿಸಿದರು. ಕುತ್ತಿಗೆಯ ಪಟ್ಟಿಗೆ ತಾಗದಂತೆ ಅವಳನ್ನು ನಿಧಾನವಾಗಿ ಸೀಟಿನಲ್ಲಿ ಕೂರಿಸಿದೆ. ಎಡಗೈಯನ್ನು ಅವಳು ಮೊದಲಿನಂತೆಯೇ ಮಡಿಲಲ್ಲಿ ಜೋಪಾನವಾಗಿ ಇಟ್ಟುಕೊಂಡಳು. ಇನ್ನು ಆ ಕೈಯಲ್ಲಿ ಏನು ಬೇಕಾದರೂ ಎತ್ತಬಹುದಿತ್ತು, ಬಳೆಯನ್ನೂ ತೊಡಬಹುದಿತ್ತು. ನಾನು ಕೀ ಹಾಕಿದೆ.

"ಎಣ್ಣೆ ಅಚ್ಚಿದ್ದಕ್ಕೇನ್ಲಾ?" ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. "ಇಲ್ಲಮ್ಮಾ. ಕೈಗೂ ಬೆಲ್ಟಿಗೂ ಏನ್ ಸಂಬಂಧ? ನೀನು ಎಣ್ಣೆ ಹಚ್ಚೋದ್ ಬಿಟ್ಟು ಎಷ್ಟ್ ಕಾಲ ಆಯ್ತು."

"ಮುಂಚೆ ಅಚ್ಚಿದ್ದು. ಒರೆಸಿದ್ರೂ ಓಗಲ್ವಂತಲ್ಲ. ಈರ್ಕೊಂಡಿರ್ತದೆ." ಸ್ವಲ್ಪ ತಡೆದು ಮತ್ತೆ ಹೇಳಿದಳು. "ಆ ಸಿಸ್ಟರಮ್ಮನೂ ಬೇಡ ಬೇಡ ಅಂತಾನೇ ಇದ್ಲು."

"ಅದು ಪ್ಲಾಸ್ಟರ್ ಅಂಟಲ್ಲ ಅಂತ ಹೇಳಿದ್ದಮ್ಮಾ. ಡಾಕ್ಟ್ರು ನಿನ್ನೆದುರ್ಗೇ ಹೇಳಿದ್ರಲ್ಲ, ಯಾರ್ ತಪ್ಪೂ ಅಲ್ಲ ಅಂತ. ದೇವ್ರಾಣೆ, ಎಣ್ಣೆಯಿಂದ ಏನೂ ಆಗಿಲ್ಲ."

ಅಮ್ಮ ನನ್ನ ಕಡೆ ನೋಡಿದಳು. ಬೈಗುಳವಿರಲಿಲ್ಲ, ಅಳುವಿರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹಣೆ ಮುಟ್ಟಿ ನೋಡುವಾಗಿನ ಮುಖ ಅದು.

"ನೀನ್ ಅಂಗೇ ಯೋಳ್ತೀಯ ಬಿಡು," ಎಂದಳು. "ಅವತ್ತು ಶೆಡ್ನಾಗೂ ನಾನೇ ಆಕಿದ್ದು ಅಂದೋನಲ್ವ ನೀನು."

ಅವಳು ಸೆರಗನ್ನು ಎಡಗೈಯ ಮೇಲೆ ಎಳೆದುಕೊಂಡು ರಸ್ತೆಯ ಕಡೆ ತಿರುಗಿದಳು. ನಾನು ಕೀ ತಿರುಗಿಸಿದೆ. ಸೀಟಿನ ಕೆಳಗೆ ಬೆಲ್ಟು ಒಂದು ಸಲವಾದರೂ ಕೂಗಲಿ ಎಂದು ಕಾದೆ. ಕೂಗಲಿಲ್ಲ.